ಉಂಗುರ ಬಿಗಿಯಾಯಿತೇ? ಚಪ್ಪಲಿ ಕಿರಿದಾಯಿತೇ?

(ಗ್ರಾಮದ ಆರೋಗ್ಯ ಸಭೆಯಲ್ಲಿ ಮಾಡಿದ ಭಾಷಣ)



ಬೀಜ, ಗೊಬ್ಬರ, ದನಗಳ ಕಾಲುಬಾಯಿ ಜ್ವರ, ಇವುಗಳ ವಿಷಯವನ್ನು ಇಂಥ ಸಭೆಗಳಲ್ಲಿ ನೀವು ಆಗಾಗ ಕೇಳಿದ್ದೀರಿ. ಇಂದು ನಾನು ಹೇಳಹೊರಟಿರುವುದು ನಿಮ್ಮ ದೇಹದೊಳಗಿನ ಒಂದು ಪುಟ್ಟ ಗ್ರಂಥಿಯ ವಿಷಯ. ಅದು ಕೆಟ್ಟರೆ ಏನಾಗುತ್ತದೆ, ಕೆಟ್ಟಿದೆಯೆಂದು ತಿಳಿಯುವುದು ಹೇಗೆ, ಸರಿಪಡಿಸಿಕೊಳ್ಳಲು ಯಾರ ಬಳಿಗೆ ಹೋಗಬೇಕು, ಈ ಮೂರು ಮಾತು ನಿಮ್ಮ ಮನಸ್ಸಿನಲ್ಲಿ ನಿಂತರೆ ನಾನು ಬಂದದ್ದು ಸಾರ್ಥಕ.

ನಿಮ್ಮಲ್ಲಿ ಉಂಗುರ ಹಾಕಿಕೊಂಡವರು ಒಮ್ಮೆ ಅದನ್ನು ತಿರುಗಿಸಿ ನೋಡಿ. ಮದುವೆಯಲ್ಲಿ ಸಲೀಸಾಗಿ ಬೆರಳಿಗೆ ಹೋದ ಉಂಗುರ ಈಗ ಗೆಣ್ಣು ದಾಟುತ್ತದೆಯೇ? ಮೈ ಬಂದವರಿಗೆ ಉಂಗುರ ಬಿಗಿಯಾಗುವುದು ಸಹಜ, ಅಷ್ಟಕ್ಕೇ ಹೆದರಬೇಕಾಗಿಲ್ಲ. ಆದರೆ ಉಂಗುರದ ಜೊತೆಗೆ ಚಪ್ಪಲಿಯೂ ಕಿರಿದಾಗುತ್ತ ಬಂದರೆ, ಮುಖದ ಚಹರೆಯೇ ಬದಲಾಗುತ್ತ ಬಂದರೆ, ಆಗ ಸುಮ್ಮನಿರತಕ್ಕದ್ದಲ್ಲ.

ಒಬ್ಬ ರೈತನ ಮಾತು

ಸುಮಾರು ನಲವತ್ತೈದು ವಯಸ್ಸಿನ ಒಬ್ಬ ರೈತನನ್ನು ಮನಸ್ಸಿಗೆ ತಂದುಕೊಳ್ಳಿ. ಊರಿನ ಹೆಸರು ಬೇಡ. ಇಂಥವನು ಯಾವ ಊರಿನಲ್ಲಿಯೂ ಇರಬಹುದು. ನಾಲ್ಕು ಎಕರೆ ರಾಗಿ ಹೊಲ, ಎರಡು ಹಸು. ಏಳನೆಯ ನಂಬರಿನ ಚಪ್ಪಲಿ ಮೆಟ್ಟುತ್ತಿದ್ದವನು ಎಂಟಕ್ಕೆ ಹೋದ, ಬಳಿಕ ಒಂಬತ್ತಕ್ಕೆ ಹೋದ. ರಾತ್ರಿ ಗೊರಕೆ ಎಷ್ಟು ಜೋರಾಯಿತೆಂದರೆ ಹೆಂಡತಿ ಹಾಸಿಗೆಯನ್ನು ನಡುಮನೆಗೆ ಎತ್ತಿಕೊಂಡು ಹೋದಳು. ಸಂಕ್ರಾಂತಿಯ ಚಳಿಯಲ್ಲಿಯೂ ಅಂಗಿ ತೊಯ್ದು ಹೋಗುವಷ್ಟು ಬೆವರು. ಮಧ್ಯರಾತ್ರಿ ಕೈ ಜೋಮು ಹಿಡಿದು ಎಚ್ಚರವಾಗುತ್ತಿತ್ತು. ಮಂಡಿ ನೋವಿಗೆ ಗುದ್ದಲಿ ಹಿಡಿದು ಬಗ್ಗುವುದೇ ಕಷ್ಟವಾಯಿತು.

ಆತ ಸೋಮಾರಿಯಲ್ಲ; ಆಸ್ಪತ್ರೆಗೆ ಹೋದ. ಒಂದು ಕಡೆ ಸಕ್ಕರೆ ಕಾಯಿಲೆಗೆ ಗುಳಿಗೆ ಕೊಟ್ಟರು. ಇನ್ನೊಂದು ಕಡೆ ರಕ್ತದೊತ್ತಡಕ್ಕೆ ಕೊಟ್ಟರು. ಮತ್ತೊಂದು ಕಡೆ ಮಂಡಿಗೆ ಕೊಟ್ಟರು. ಹಲ್ಲುಗಳ ನಡುವೆ ಸಂದು ಬಿದ್ದುದಕ್ಕೆ ಹಲ್ಲಿನ ಡಾಕ್ಟರನ್ನೂ ಕಂಡು ಬಂದ. ಯಾರೂ ತಪ್ಪು ಮದ್ದು ಕೊಡಲಿಲ್ಲ. ಆದರೆ ಈ ನಾಲ್ಕು ಕೊಂಬೆಗಳಿಗೂ ಬೇರು ಒಂದೇ ಎಂಬುದು ಯಾರಿಗೂ ಹೊಳೆಯಲಿಲ್ಲ. ಏಕೆಂದರೆ ನಾಲ್ಕನ್ನೂ ಒಟ್ಟಿಗೆ ಯಾರಿಗೂ ಆತ ಹೇಳಿರಲಿಲ್ಲ.

ಕೊನೆಗೆ ಗುರುತು ಹಿಡಿದವರು ಯಾರು ಬಲ್ಲಿರಾ? ಎಂಟು ವರ್ಷ ಮುಂಬಯಿಯಲ್ಲಿದ್ದು ಗೌರಿ ಹಬ್ಬಕ್ಕೆ ತೌರಿಗೆ ಬಂದ ಆತನ ತಂಗಿ. ಹೊಸ್ತಿಲು ದಾಟಿದವಳೇ ನಿಂತುಬಿಟ್ಟಳು. “ಇದೇನಣ್ಣಾ, ನಿನ್ನ ಮುಖವೇ ಬೇರೆ ಆಗಿದೆಯಲ್ಲ!” ಎಂದಳು. ಗೋಡೆಯ ಮೇಲಿದ್ದ ಮದುವೆಯ ಪಟವನ್ನು ಇಳಿಸಿ ಪಕ್ಕದಲ್ಲಿ ಹಿಡಿದು ನೋಡಿದರು. ಮೂಗು ದಪ್ಪವಾಗಿದೆ; ಹುಬ್ಬಿನ ಮೂಳೆ ಮುಂದಕ್ಕೆ ಬಂದಿದೆ; ಕೆಳದವಡೆ ಉದ್ದವಾಗಿದೆ; ತುಟಿ ಉಬ್ಬಿದೆ. ದಿನವೂ ನೋಡುವ ಹೆಂಡತಿ ಮಕ್ಕಳಿಗೆ ಕಾಣದ್ದು ಎಂಟು ವರ್ಷದ ಮೇಲೆ ಬಂದವಳಿಗೆ ಒಂದೇ ನೋಟಕ್ಕೆ ಕಂಡಿತು. ಹೊಲದ ಬದು ವರ್ಷಕ್ಕೆ ಒಂದಂಗುಲ ಸರಿದರೆ ದಿನವೂ ನಡೆದಾಡುವವನಿಗೆ ತಿಳಿಯುತ್ತದೆಯೇ? ಇದೂ ಹಾಗೆಯೇ.

ಈ ರೋಗಕ್ಕೆ ಅಕ್ರೊಮೆಗಲಿ ಎಂದು ಹೆಸರು. 1886ರಲ್ಲಿ ಪ್ಯಾರಿಸಿನ ಪಿಯರ್ ಮರಿ ಎಂಬ ವೈದ್ಯರು ಈ ಹೆಸರನ್ನಿಟ್ಟರು. ಹೆಸರಿಟ್ಟು ನೂರಮೂವತ್ತಕ್ಕೂ ಹೆಚ್ಚು ವರ್ಷಗಳಾದರೂ, ರೋಗ ಮೊದಲಾದ ಎಷ್ಟೋ ವರ್ಷಗಳ ಮೇಲೆ ಗುರುತು ಸಿಕ್ಕುವುದು ಇಂದಿಗೂ ಎಲ್ಲ ದೇಶಗಳಲ್ಲಿಯೂ ಸಾಮಾನ್ಯ.

ತಲೆಯೊಳಗಿನ ನೀರುಗಂಟಿ

ಇದರ ಬೇರು ಎಲ್ಲಿದೆ? ಮೂಗಿನ ಬುಡದ ನೇರಕ್ಕೆ ಹಿಂದೆ, ಮಿದುಳಿನ ತಳದಲ್ಲಿ, ಮೂಳೆಯ ಒಂದು ಸಣ್ಣ ಗುಳಿಯಿದೆ. ಆ ಗುಳಿಯಲ್ಲಿ ಬಟಾಣಿ ಕಾಳಿನ ಗಾತ್ರದ ಒಂದು ಗ್ರಂಥಿ ಕುಳಿತಿದೆ. ತೂಕ ಸುಮಾರು ಅರ್ಧ ಗ್ರಾಂ. ಇದೇ ಪಿಟ್ಯುಟರಿ ಗ್ರಂಥಿ.

ಕೆರೆಯ ಕೆಳಗಿನ ಗದ್ದೆಗಳಿಗೆ ನೀರು ಬಿಡುವ ನೀರುಗಂಟಿಯನ್ನು ಹಿರಿಯರು ಬಲ್ಲಿರಿ. ಯಾವ ತೂಬನ್ನು ಎಷ್ಟು ಹೊತ್ತು ಎತ್ತಬೇಕು, ಯಾವ ಕಾಲುವೆಗೆ ಎಷ್ಟು ನೀರು ಹರಿಯಬೇಕು ಎಂಬುದೆಲ್ಲ ಅವನ ಕೈಯಲ್ಲಿ. ಅವನು ಒಬ್ಬನೇ, ಆದರೆ ಅಚ್ಚುಕಟ್ಟಿನ ಬೆಳೆಯೆಲ್ಲ ಅವನನ್ನು ನಂಬಿದೆ. ಪಿಟ್ಯುಟರಿಯೂ ದೇಹದ ನೀರುಗಂಟಿ. ಅದು ರಕ್ತಕ್ಕೆ ಬಿಡುವ ರಸಗಳಿಗೆ ಹಾರ್ಮೋನು ಎನ್ನುತ್ತಾರೆ. ಒಂದು ಹಾರ್ಮೋನು ಮಕ್ಕಳನ್ನು ಬೆಳೆಸುತ್ತದೆ. ಒಂದು ತಾಯಿಯ ಎದೆಯಲ್ಲಿ ಹಾಲು ಉತ್ಪತ್ತಿ ಮಾಡಿಸುತ್ತದೆ. ಒಂದು ಕೊರಳಿನ ಥೈರಾಯ್ಡ್ ಗ್ರಂಥಿಯನ್ನು ನಡೆಸುತ್ತದೆ. ಒಂದು ಮೂತ್ರಪಿಂಡದ ಮೇಲಿರುವ ಗ್ರಂಥಿಯಿಂದ ಕಾರ್ಟಿಸೋಲ್ ಎಂಬ, ಜೀವ ಹಿಡಿದಿಡುವ ರಸವನ್ನು ತರಿಸುತ್ತದೆ. ಮತ್ತೆರಡು ಹೆಂಗಸರ ಮುಟ್ಟನ್ನೂ ಗಂಡಸರ ಪುರುಷತ್ವವನ್ನೂ ಕಾಯುತ್ತವೆ. ಕರು ಬಾಯಿಟ್ಟೊಡನೆ ಹಸು ಹಾಲಿಳಿಸುವುದನ್ನು ನೀವು ದಿನವೂ ನೋಡುತ್ತೀರಿ. ಅದೂ ಹಸುವಿನ ಪಿಟ್ಯುಟರಿಯಿಂದ ಹೊರಬೀಳುವ ಹಾರ್ಮೋನಿನ ಕೆಲಸವೇ.

ಈ ಗ್ರಂಥಿಯಲ್ಲಿ ಕೆಲವರಿಗೆ ಒಂದು ಗಡ್ಡೆ ಬೆಳೆಯುತ್ತದೆ. ಗಡ್ಡೆ ಎಂದೊಡನೆ ಕ್ಯಾನ್ಸರ್ ಎಂದು ಎದೆಗೆಡಬೇಡಿ. ಪಿಟ್ಯುಟರಿಯಲ್ಲಿ ಹುಟ್ಟುವ ಗಡ್ಡೆಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತಕ್ಕೂ ಹೆಚ್ಚು ಮೈಯಲ್ಲಿ ಬೇರೆಡೆಗೆ ಹರಡುವಂಥವಲ್ಲ. ಅವು ಮಾಡುವ ಕೇಡು ಮೂರು ಬಗೆ. ಒಂದು, ಒಂದು ತೂಬನ್ನು ಹಗಲಿರುಳೂ ತೆರೆದಿಟ್ಟುಬಿಡುವುದು; ಆ ಹಾರ್ಮೋನು ಮಿತಿಮೀರಿ ಹರಿಯುತ್ತದೆ. ಎರಡು, ಒಳ್ಳೆಯ ಗ್ರಂಥಿಯನ್ನು ಒತ್ತಿ ಉಳಿದ ತೂಬುಗಳನ್ನು ಮುಚ್ಚಿಸುವುದು. ಮೂರು, ಗುಳಿಯಿಂದ ಮೇಲಕ್ಕೆ ಬೆಳೆದು ಕಣ್ಣಿನ ನರಗಳನ್ನು ಅಮುಕುವುದು. ಆಗ ಎದುರಿಗಿರುವುದು ಕಾಣುತ್ತದೆ, ಎಡಬಲಗಳ ಅಂಚು ಕಾಣದು. ಬಾಗಿಲ ಚೌಕಟ್ಟಿಗೆ ಭುಜ ತಾಕುತ್ತದೆ. ರಸ್ತೆ ದಾಟುವಾಗ ಪಕ್ಕದಿಂದ ಬಂದ ಬೈಕು ಮೈಮೇಲೆ ಬರುವ ತನಕ ಗೊತ್ತಾಗುವುದಿಲ್ಲ. ಇದು ಕನ್ನಡಕದಿಂದ ಸರಿಹೋಗುವ ದೋಷವಲ್ಲ.

ಇದು ತೀರ ಅಪರೂಪವೆಂದು ತಿಳಿಯಬೇಡಿ. ಬೆಲ್ಜಿಯಂ ದೇಶದ ಲೀಜ್ ಪ್ರಾಂತದಲ್ಲಿ ಮನೆ ವೈದ್ಯರ ನೆರವಿನಿಂದ ಎಣಿಕೆ ಮಾಡಿ 2006ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ತೊಂದರೆ ಕೊಡುವ ಪಿಟ್ಯುಟರಿ ಗಡ್ಡೆ ಸುಮಾರು ಸಾವಿರ ಜನರಿಗೆ ಒಬ್ಬರಲ್ಲಿ ಕಂಡುಬಂದಿತು. ಅದೇ ಲೆಕ್ಕ ಹಿಡಿದರೆ ಹತ್ತು ಸಾವಿರ ಜನರಿರುವ ಹಳ್ಳಿಗಳ ಗುಂಪಿನಲ್ಲಿ ಹತ್ತು ಮಂದಿ ಇರಬೇಕಾಯಿತು. ನಿಮ್ಮ ಕಡೆ ಗುರುತು ಸಿಕ್ಕಿರುವವರು ಎಷ್ಟು ಮಂದಿ? ಯೋಚಿಸಿ ನೋಡಿ.

ತಾಯಂದಿರು ಕೇಳತಕ್ಕ ಮಾತು

ಹಾರ್ಮೋನು ಹೆಚ್ಚಿಸುವ ಪಿಟ್ಯುಟರಿ ಗಡ್ಡೆಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಪ್ರೊಲಾಕ್ಟಿನ್ ಎಂಬ, ಹಾಲು ತರಿಸುವ ಹಾರ್ಮೋನಿನದು. ಹೆಂಗಸರಲ್ಲಿ ಇದರ ಗುರುತು ಸುಲಭ. ಬಸಿರಿಲ್ಲದೆ ಮುಟ್ಟು ನಿಲ್ಲುತ್ತದೆ, ಇಲ್ಲವೆ ತಿಂಗಳುಗಟ್ಟಲೆ ತಡವಾಗುತ್ತದೆ. ಮೊಲೆಯುಣಿಸುವ ಮಗುವಿಲ್ಲದೆ ಎದೆಯಲ್ಲಿ ಹಾಲು ಜಿನುಗುತ್ತದೆ. ಮಕ್ಕಳಾಗುವುದಿಲ್ಲ.

ಇಲ್ಲಿ ನಾನು ಒಂದು ಕಠಿಣವಾದ ಮಾತನ್ನು ಹೇಳಬೇಕಾಗಿದೆ. ಮಕ್ಕಳಾಗದ ಸೊಸೆಯನ್ನು ಬಂಜೆಯೆಂದು ಹಂಗಿಸುವುದು, ಹರಕೆಯ ಮೇಲೆ ಹರಕೆ ಹೊರಿಸುವುದು, ಎರಡನೆಯ ಮದುವೆಯ ಮಾತೆತ್ತುವುದು ಇನ್ನೂ ಕೆಲವು ಮನೆಗಳಲ್ಲಿ ನಡೆಯುತ್ತಿದೆ. ಆಕೆ ಹಾಲಿನ ಸಂಗತಿಯನ್ನು ನಾಚಿಕೆಯಿಂದ ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ಕಣ್ಣೀರು ಹಾಕುತ್ತಾಳೆ. ಆ ಮನೆಯವರಿಗೆ ನಾನು ಹೇಳುವುದಿಷ್ಟೆ: ದೇವರಿಗೆ ಕೈ ಮುಗಿಯಿರಿ, ಅದರ ಜೊತೆಗೆ ಒಂದು ರಕ್ತಪರೀಕ್ಷೆಯನ್ನೂ ಮಾಡಿಸಿರಿ. ಕಾರಣ ಈ ಗಡ್ಡೆಯೇ ಆಗಿದ್ದರೆ ಬಹುಮಂದಿಗೆ ಗುಳಿಗೆಯಿಂದಲೇ ಮುಟ್ಟು ಮರಳುತ್ತದೆ, ಎಷ್ಟೋ ಮಂದಿಗೆ ಮಡಿಲೂ ತುಂಬುತ್ತದೆ. ಪರೀಕ್ಷೆ ಗಂಡನಿಗೂ ಆಗತಕ್ಕದ್ದು. ಗಂಡಸರಿಗೂ ಇದೇ ಗಡ್ಡೆ ಬರುತ್ತದೆ. ಅವರಲ್ಲಿ ಆಸಕ್ತಿ ಕುಗ್ಗುವುದು, ಪುರುಷತ್ವ ಕುಂದುವುದು ಗುರುತು. ಗಂಡಸರು ಇದನ್ನು ಯಾರಿಗೂ ಹೇಳದೆ ಇರುವುದರಿಂದ ತಲೆನೋವು, ಕಣ್ಣು ಮಂಜಾಗುವುದು ಮೊದಲಾದ ಮೇಲೆಯೇ ಆಸ್ಪತ್ರೆಗೆ ಬರುತ್ತಾರೆ.

ಪ್ರೊಲಾಕ್ಟಿನ್ ಹೆಚ್ಚಾದುದಕ್ಕೆಲ್ಲ ಗಡ್ಡೆಯೇ ಕಾರಣವಲ್ಲ. ಬಸಿರು, ಥೈರಾಯ್ಡ್ ಕೊರತೆ, ವಾಂತಿ ತಡೆಯುವ ಕೆಲವು ಗುಳಿಗೆ, ಮನೋರೋಗದ ಕೆಲವು ಔಷಧಿ, ಇವುಗಳಿಂದಲೂ ಹೆಚ್ಚಾಗುತ್ತದೆ. ಆದುದರಿಂದ ನೀವು ನುಂಗುತ್ತಿರುವ ಗುಳಿಗೆಗಳನ್ನೆಲ್ಲ ಡಾಕ್ಟರಿಗೆ ತೋರಿಸಿ. ಆದರೆ ಮನೋರೋಗದ ಔಷಧಿಯನ್ನು ನೀವಾಗಿಯೇ ನಿಲ್ಲಿಸಬೇಡಿ.

ಮುಖ ಚಂದ್ರನಂತಾದರೆ

ಮೂರನೆಯ ಬಗೆಯ ಗಡ್ಡೆ ಕಾರ್ಟಿಸೋಲನ್ನು ಹೆಚ್ಚಿಸುತ್ತದೆ. ಇದನ್ನು ವಿವರಿಸಿದವರು ಅಮೆರಿಕದ ಶಸ್ತ್ರವೈದ್ಯ ಹಾರ್ವಿ ಕುಷಿಂಗ್. 1912ರಲ್ಲಿ ಪಿಟ್ಯುಟರಿಯ ಬಗ್ಗೆ ಇಡಿಯ ಒಂದು ಗ್ರಂಥವನ್ನೇ ಬರೆದ ಅವರ ಹೆಸರೇ ಈ ರೋಗಕ್ಕೆ ನಿಂತಿದೆ. ಮುಖ ದುಂಡಗೆ ಕೆಂಪಗೆ ಊದುತ್ತದೆ. ಹೊಟ್ಟೆ ಬೆಳೆಯುತ್ತದೆ, ಕೈಕಾಲು ಸೊರಗುತ್ತವೆ. ಹೊಟ್ಟೆಯ ಮೇಲೆ ಬೆರಳಗಲದ ನೇರಳೆ ಬಣ್ಣದ ಗೆರೆಗಳು ಮೂಡುತ್ತವೆ. ಸ್ವಲ್ಪ ತಗಲಿದರೂ ಚರ್ಮ ಕಂದಿಹೋಗುತ್ತದೆ. ಕುಕ್ಕರಗಾಲಿನಲ್ಲಿ ಕುಳಿತವರು ಕೈಯೂರದೆ ಏಳಲಾರರು.

ಇದೇ ಚಿಹ್ನೆಗಳು ಇನ್ನೊಂದು ದಾರಿಯಿಂದಲೂ ಬರುತ್ತವೆ, ಮತ್ತು ಆ ದಾರಿಯೇ ಹೆಚ್ಚು. ಮಂಡಿ ನೋವಿಗೆ, ಉಬ್ಬಸಕ್ಕೆ, ಮೈಕೈ ನೋವಿಗೆ ಓದಿಲ್ಲದ ವೈದ್ಯರ ಕೈಯಲ್ಲಿ ತಿಂಗಳುಗಟ್ಟಲೆ ಸೂಜಿ ಚುಚ್ಚಿಸಿಕೊಳ್ಳುವವರುಂಟು, ಹೆಸರಿಲ್ಲದ ಗುಳಿಗೆ ಪುಡಿಗಳನ್ನು ತಿನ್ನುವವರುಂಟು. ಅವುಗಳಲ್ಲಿ ಎಷ್ಟೋ ವೇಳೆ ಸ್ಟೀರಾಯ್ಡ್ ಇರುತ್ತದೆ. ನೋವು ಒಂದೇ ದಿನದಲ್ಲಿ ಮಾಯವಾಯಿತೆಂದು ಹಿಗ್ಗಬೇಡಿ. ಹಾಗೆಂದು ಬಹುದಿನ ತಿಂದವರು ಥಟ್ಟನೆ ನಿಲ್ಲಿಸಲೂ ಕೂಡದು, ಪ್ರಾಣಕ್ಕೆ ಅಪಾಯ. ತಿಂದುದನ್ನು ಮರೆಮಾಚದೆ ಸರ್ಕಾರಿ ಡಾಕ್ಟರಿಗೆ ಹೇಳಿ, ಅವರು ಹೇಳಿದಂತೆ ಮೆಲ್ಲಮೆಲ್ಲನೆ ಇಳಿಸಿ.

ತೂಬು ಒಣಗುವುದೂ ಉಂಟು

ಗಡ್ಡೆಯಿಲ್ಲದೆಯೂ ಈ ಗ್ರಂಥಿ ಬತ್ತಿಹೋಗಬಹುದು. ಹಳ್ಳಿಯವರು ಇದರ ಎರಡು ಕಾರಣಗಳನ್ನು ತಿಳಿದಿರಬೇಕು.

ಮೊದಲನೆಯದು ಹೆರಿಗೆಯಲ್ಲಿ ವಿಪರೀತ ರಕ್ತಸ್ರಾವ. ಬಸಿರಿನಲ್ಲಿ ಈ ಗ್ರಂಥಿ ದಪ್ಪವಾಗಿರುತ್ತದೆ; ರಕ್ತ ಸಾಲದೆ ಹೋದರೆ ಅದರ ಭಾಗ ಸತ್ತುಹೋಗುತ್ತದೆ. 1937ರಲ್ಲಿ ಹೆರಾಲ್ಡ್ ಶೀಹನ್ ಎಂಬ ಬ್ರಿಟಿಷ್ ವೈದ್ಯರು ಇದನ್ನು ವಿವರಿಸಿದರು. ಬಾಣಂತಿಗೆ ಹಾಲೇ ಬರುವುದಿಲ್ಲ, ಮುಟ್ಟು ಮರಳುವುದಿಲ್ಲ. ಬಳಿಕ ವರ್ಷಗಟ್ಟಲೆ ಸುಸ್ತು, ಚಳಿ ತಡೆಯದಿರುವುದು, ಎದ್ದುನಿಂತರೆ ತಲೆಸುತ್ತು. “ಬಾಣಂತನ ಸರಿಯಾಗಲಿಲ್ಲ” ಎಂದು ಮನೆಯವರು ಬಿಟ್ಟುಬಿಡುತ್ತಾರೆ.

ಎರಡನೆಯದು ಕೊಳಕುಮಂಡಲ ಹಾವಿನ ಕಡಿತ. ಆಸ್ಪತ್ರೆಯಲ್ಲಿ ವಿಷಮದ್ದು ಪಡೆದು ಬದುಕುಳಿದವರಲ್ಲಿ ಕೆಲವರಿಗೆ, ಅದರಲ್ಲಿಯೂ ಮೂತ್ರಪಿಂಡ ಕೆಟ್ಟು ತೀವ್ರವಾಗಿ ನರಳಿದವರಿಗೆ, ಪಿಟ್ಯುಟರಿಯೂ ಕೆಡುವುದುಂಟು. ಬರ್ಮಾ ದೇಶದಲ್ಲಿಯೂ ನಮ್ಮ ದಕ್ಷಿಣ ಭಾರತದಲ್ಲಿಯೂ ವೈದ್ಯರು ಇದನ್ನು ಕಂಡಿದ್ದಾರೆ. ಹಾವಿನ ಗಾಯ ಮಾಗಿ ತಿಂಗಳುಗಳೋ ವರ್ಷಗಳೋ ಆದ ಮೇಲೂ ಬಲ ಬಾರದಿದ್ದರೆ, ಮೈಮೇಲಿನ ಕೂದಲು ಉದುರಿದರೆ, ಆಸಕ್ತಿ ಬತ್ತಿದರೆ, ಹಳೆಯ ಹಾವಿನ ಕಡಿತದ ಮಾತನ್ನು ಡಾಕ್ಟರಿಗೆ ತಪ್ಪದೆ ಹೇಳಿ.

ಪತ್ತೆ ಮಾಡಿಸುವ ದಾರಿ

ಇನ್ನು ನೀವು ಮಾಡತಕ್ಕ ಕೆಲಸವನ್ನು ಒಂದೊಂದಾಗಿ ಹೇಳುತ್ತೇನೆ.

ಮೊದಲು, ಇರುವ ತೊಂದರೆಗಳನ್ನೆಲ್ಲ ಒಂದೇ ಹಾಳೆಯಲ್ಲಿ ಬರೆಯಿರಿ. ಬರೆಯಲು ಬಾರದವರು ಮಕ್ಕಳಿಂದಲೋ ಆಶಾ ಕಾರ್ಯಕರ್ತೆಯಿಂದಲೋ ಬರೆಸಿರಿ. ಯಾವುದು ಯಾವ ವರ್ಷ ಮೊದಲಾಯಿತು, ಚಪ್ಪಲಿ ಯಾವ ನಂಬರಿನಿಂದ ಯಾವ ನಂಬರಿಗೆ ಬಂತು, ಮುಟ್ಟು ಯಾವಾಗ ನಿಂತಿತು, ಯಾವ ಗುಳಿಗೆ ತಿನ್ನುತ್ತಿದ್ದೀರಿ, ಇಷ್ಟಿರಲಿ. ಆ ರೈತನ ನಾಲ್ಕು ಡಾಕ್ಟರುಗಳ ಕೈಗೆ ಇಂಥ ಒಂದು ಹಾಳೆ ಸಿಕ್ಕಿದ್ದರೆ ಎಷ್ಟೋ ವರ್ಷ ಉಳಿಯುತ್ತಿತ್ತು.

ಎರಡನೆಯದು, ಹಳೆಯ ಫೋಟೋ ತೆಗೆದುಕೊಂಡು ಹೋಗಿ. ಮದುವೆಯ ಪಟವಾಗಲಿ, ಹಳೆಯ ಮತದಾರರ ಚೀಟಿಯಾಗಲಿ, ಹತ್ತು ವರ್ಷದ ಹಿಂದಿನದು ಯಾವುದಾದರೂ ಸರಿ. ಡಾಕ್ಟರಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿಯಿಲ್ಲ.

ಮೂರನೆಯದು, ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರನ್ನು ಕಂಡು, “ಇದು ಹಾರ್ಮೋನಿನ ದೋಷವಿರಬಹುದೇ, ನೋಡಿ ಸ್ವಾಮಿ” ಎಂದು ನೇರವಾಗಿ ಕೇಳಿ. ಕೇಳುವುದರಲ್ಲಿ ಅವಮರ್ಯಾದೆಯಿಲ್ಲ. ಅವರು ಜಿಲ್ಲಾ ಆಸ್ಪತ್ರೆಗೋ ಮೆಡಿಕಲ್ ಕಾಲೇಜಿನ ಆಸ್ಪತ್ರೆಗೋ ಚೀಟಿ ಬರೆದುಕೊಡುತ್ತಾರೆ. ಈ ರೋಗಗಳ ತಜ್ಞರಿಗೆ ಎಂಡೋಕ್ರೈನಾಲಜಿಸ್ಟ್ ಎಂದು ಹೆಸರು. ಈ ಮಾತನ್ನು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ.

ನಾಲ್ಕನೆಯದು ಪರೀಕ್ಷೆ. ಮೊದಲು ರಕ್ತ, ಆಮೇಲೆ ಚಿತ್ರ. ಅಕ್ರೊಮೆಗಲಿಯ ಸಂದೇಹವಿದ್ದರೆ ಐಜಿಎಫ್-1 ಎಂಬ ರಕ್ತಪರೀಕ್ಷೆ ಮಾಡುತ್ತಾರೆ. ಅದು ಹೆಚ್ಚಾಗಿದ್ದರೆ 75 ಗ್ರಾಂ ಗ್ಲೂಕೋಸನ್ನು ನೀರಿನಲ್ಲಿ ಕುಡಿಸಿ, ಎರಡು ಗಂಟೆಯ ತನಕ ಆಗಾಗ ರಕ್ತ ತೆಗೆದು ನೋಡುವುದುಂಟು. ಆರೋಗ್ಯವಂತರಲ್ಲಿ ಸಕ್ಕರೆ ಒಳಗೆ ಹೋದೊಡನೆ ಬೆಳವಣಿಗೆಯ ಹಾರ್ಮೋನು ತಗ್ಗುತ್ತದೆ, ಗಡ್ಡೆಯಿದ್ದವರಲ್ಲಿ ತಗ್ಗುವುದಿಲ್ಲ. ಹಾಲಿನ ಹಾರ್ಮೋನಿಗೆ ಪ್ರೊಲಾಕ್ಟಿನ್ ಪರೀಕ್ಷೆ. ಕಾರ್ಟಿಸೋಲಿಗೆ ಇಪ್ಪತ್ತನಾಲ್ಕು ಗಂಟೆಯ ಮೂತ್ರ ಹಿಡಿದು ಕೊಡುವುದು, ಇಲ್ಲವೆ ರಾತ್ರಿ ಒಂದು ಗುಳಿಗೆ ನುಂಗಿ ಬೆಳಗ್ಗೆ ರಕ್ತ ಕೊಡುವುದು. ರಕ್ತದಲ್ಲಿ ದೋಷ ಕಂಡ ಮೇಲೆ ಎಂ.ಆರ್.ಐ. ಯಂತ್ರದಲ್ಲಿ ಮಲಗಿಸಿ ಗ್ರಂಥಿಯ ಚಿತ್ರ ತೆಗೆಯುತ್ತಾರೆ. ಯಂತ್ರ ಜೋರಾಗಿ ಸದ್ದು ಮಾಡುತ್ತದೆ, ನೋವಾಗುವುದಿಲ್ಲ. ಹತ್ತು ಮಿಲಿಮೀಟರಿಗಿಂತ ಚಿಕ್ಕದನ್ನು ಸಣ್ಣ ಗಡ್ಡೆ ಎನ್ನುತ್ತಾರೆ, ಹತ್ತು ಮತ್ತು ಅದಕ್ಕೆ ಮೇಲ್ಪಟ್ಟುದನ್ನು ದೊಡ್ಡದು ಎನ್ನುತ್ತಾರೆ. ದೊಡ್ಡದಾದರೆ ಕಣ್ಣಿನ ಅಂಚುನೋಟದ ಪರೀಕ್ಷೆಯೂ ಆಗಬೇಕು.

ಒಂದು ಎಚ್ಚರಿಕೆ. ಸಿಡಿಲು ಬಡಿದಂತೆ ಒಮ್ಮೆಲೇ ತಲೆನೋವು, ಅದರೊಡನೆ ವಾಂತಿ, ಕಣ್ಣು ಮಂಜಾಗುವುದು, ರೆಪ್ಪೆ ಜೋತುಬೀಳುವುದು ಕಂಡರೆ, ಗಡ್ಡೆಯೊಳಗೆ ರಕ್ತ ಸೋರಿರಬಹುದು. ಆಗ ಬೆಳಗಾಗುವವರೆಗೂ ಕಾಯದೆ 108ಕ್ಕೆ ಕರೆಮಾಡಿ ದೊಡ್ಡ ಆಸ್ಪತ್ರೆಗೆ ಸಾಗಿಸಿ.

ಚಿಕಿತ್ಸೆ ಹೇಗೆ?

ಪ್ರೊಲಾಕ್ಟಿನ್ ಗಡ್ಡೆಗೆ ಬಹುತೇಕ ಗುಳಿಗೆಯೇ ಸಾಕು. ಕ್ಯಾಬರ್ಗೋಲಿನ್ ಎಂಬುದನ್ನು ವಾರಕ್ಕೆ ಒಂದೆರಡು ಸಲ ಮಾತ್ರ ನುಂಗುವುದು. ಬ್ರೋಮೋಕ್ರಿಪ್ಟಿನ್ ಎಂಬುದನ್ನು ದಿನವೂ ನುಂಗುವುದು. ಹಾರ್ಮೋನೂ ಇಳಿಯುತ್ತದೆ, ಗಡ್ಡೆಯೂ ಕುಗ್ಗುತ್ತದೆ. ಮೊದಮೊದಲು ಓಕರಿಕೆ, ತಲೆಸುತ್ತು ಬರಬಹುದು. ರಾತ್ರಿ ಊಟದೊಡನೆ ತೆಗೆದುಕೊಂಡರೆ ಅಷ್ಟು ಬಾಧಿಸದು. ಕೆಲವರಿಗೆ ಈ ಗುಳಿಗೆಯಿಂದ ಜೂಜಿನ ಚಟ, ದುಂದುಗಾರಿಕೆ ಹತ್ತುವುದುಂಟು. ಎಂದೂ ಇಸ್ಪೀಟು ಮುಟ್ಟದವನು ಆಡತೊಡಗಿದರೆ ಮನೆಯವರು ಜಗಳಕ್ಕೆ ನಿಲ್ಲದೆ ಡಾಕ್ಟರಿಗೆ ತಿಳಿಸಿ. ಗುಳಿಗೆ ತಿನ್ನುವಾಗ ಬಸಿರು ನಿಂತರೂ ಕೂಡಲೆ ತಿಳಿಸಿ.

ಅಕ್ರೊಮೆಗಲಿಗೂ ಕುಷಿಂಗ್ ರೋಗಕ್ಕೂ ಸಾಮಾನ್ಯವಾಗಿ ಮೊದಲ ಚಿಕಿತ್ಸೆ ಶಸ್ತ್ರಕ್ರಿಯೆ. “ತಲೆಬುರುಡೆ ಕೊಯ್ಯುತ್ತಾರೆ” ಎಂದು ಕೇಳಿ ಎಷ್ಟೋ ಮಂದಿ ಆಸ್ಪತ್ರೆಯಿಂದ ಓಡಿಬರುತ್ತಾರೆ. ಸಾಮಾನ್ಯವಾಗಿ ಬುರುಡೆಯನ್ನು ತೆರೆಯುವುದೇ ಇಲ್ಲ. ಮತ್ತು ಬರಿಸಿ, ಮೂಗಿನ ಹೊಳ್ಳೆಯ ಮೂಲಕ ಸಣ್ಣ ಉಪಕರಣಗಳನ್ನು ಕಳಿಸಿ, ಗುಳಿಯ ಗೋಡೆಯಲ್ಲಿ ಕಿಂಡಿ ಮಾಡಿ ಗಡ್ಡೆಯನ್ನು ಹೊರತೆಗೆಯುತ್ತಾರೆ. ಮುಖದ ಮೇಲೆ ಗಾಯದ ಗುರುತೂ ಉಳಿಯದು. ಮೂಗಿನ ದಾರಿಯ ಶಸ್ತ್ರಕ್ರಿಯೆಯನ್ನು ಮೊದಲು 1907ರಲ್ಲಿ ಆಸ್ಟ್ರಿಯಾದ ಹರ್ಮನ್ ಶ್ಲಾಫರ್ ಮಾಡಿದರು. ಅಂದಿನಿಂದ ಇಂದಿನ ತನಕ ಅದು ಬಹಳ ಸುಧಾರಿಸಿದೆ. ಗಡ್ಡೆ ಸಣ್ಣದಿದ್ದಾಗ ಹೋದರೆ ಪೂರ್ತಿ ಗುಣವಾಗುವ ಸಂಭವ ಹೆಚ್ಚು. ದೊಡ್ಡದಾದ ಮೇಲೆ ಹೋದರೆ ಸ್ವಲ್ಪ ಉಳಿಯಬಹುದು, ಅದಕ್ಕೆ ಚುಚ್ಚುಮದ್ದು, ವಿಕಿರಣ ಚಿಕಿತ್ಸೆ ಬೇಕಾಗಬಹುದು. ಬೇಗ ಹೋಗಿ ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ. ಇಂಥ ಶಸ್ತ್ರಕ್ರಿಯೆಯನ್ನು ಹೆಚ್ಚಾಗಿ ಮಾಡಿ ಕೈ ಪಳಗಿದವರ ಬಳಿಯೇ ಮಾಡಿಸಿಕೊಳ್ಳುವುದು ಮೇಲು. ಬೆಂಗಳೂರಿನ ನಿಮ್ಹಾನ್ಸ್‌ನಂಥ, ಮಿದುಳು ನರಗಳಿಗೆಂದೇ ಇರುವ ಸಂಸ್ಥೆಯಲ್ಲಿ ಇದರ ಸೌಕರ್ಯವಿದೆ.

ಮನೆಗೆ ಬಂದ ಮೇಲೆ ಡಾಕ್ಟರು ಹೇಳಿದಷ್ಟು ವಾರ ಮೂಗು ಸೀನಬೇಡಿ, ಮೂಟೆ ಹೊರಬೇಡಿ, ತಲೆ ಬಗ್ಗಿಸಿ ಕಳೆ ಕೀಳಬೇಡಿ. ಮೂಗಿನಿಂದ ತಿಳಿನೀರು ತೊಟ್ಟಿಕ್ಕಿದರೆ, ಕೊಡಗಟ್ಟಲೆ ನೀರು ಕುಡಿಯುವಷ್ಟು ಬಾಯಾರಿಕೆ ಹತ್ತಿದರೆ, ಕೂಡಲೆ ಆಸ್ಪತ್ರೆಗೆ ಹಿಂದಿರುಗಿ.

ಮದ್ದು ನಿಲ್ಲಿಸಬೇಡಿ

ಗ್ರಂಥಿ ಬತ್ತಿದವರಿಗೆ ಹೈಡ್ರೊಕಾರ್ಟಿಸೋನ್, ಥೈರಾಕ್ಸಿನ್ ಮೊದಲಾದ ಗುಳಿಗೆಗಳನ್ನು ಬರೆದುಕೊಡುತ್ತಾರೆ. ಇವು ಸಾಮಾನ್ಯವಾಗಿ ಬದುಕಿರುವ ತನಕ ಬೇಕು. “ಈಗ ಚೆನ್ನಾಗಿದ್ದೇನೆ, ಇನ್ನೇಕೆ?” ಎಂದು ನಿಲ್ಲಿಸಿದವರು ಒಂದು ಜ್ವರ, ಒಂದು ಭೇದಿಗೆ ಪ್ರಾಣ ಕಳೆದುಕೊಂಡಾರು. ಜ್ವರ ಬಂದಾಗ ಹೈಡ್ರೊಕಾರ್ಟಿಸೋನನ್ನು ಎಷ್ಟು ಹೆಚ್ಚಿಸಬೇಕೆಂದು ಮೊದಲೇ ಕೇಳಿ ಬರೆಸಿಟ್ಟುಕೊಳ್ಳಿ. ವಾಂತಿಯಾಗಿ ಗುಳಿಗೆ ನಿಲ್ಲದಿದ್ದರೆ ಚುಚ್ಚುಮದ್ದೇ ಬೇಕು. ತಡಮಾಡದೆ ಆಸ್ಪತ್ರೆಗೆ ಹೋಗಿ. ನಿಮ್ಮ ರೋಗದ ಹೆಸರು, ಮದ್ದಿನ ಹೆಸರು ಬರೆದ ಚೀಟಿ ಸದಾ ಜೇಬಿನಲ್ಲಿರಲಿ. ಹಳೆಯ ವರದಿಗಳನ್ನೆಲ್ಲ ಪಹಣಿ ಪತ್ರದಷ್ಟೇ ಜೋಪಾನವಾಗಿ ಒಂದೇ ಚೀಲದಲ್ಲಿಡಿ.

ಖರ್ಚಿನ ಚಿಂತೆ ನನಗೆ ಗೊತ್ತಿದೆ. ಹೊಲ ಅಡವಿಡುವ ಮುನ್ನ ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ. 2018ರಲ್ಲಿ ಮೊದಲಾದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಪಡಿತರ ಚೀಟಿಯ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಯಾವ ಶಸ್ತ್ರಕ್ರಿಯೆ ಸೇರಿದೆ, ಯಾವ ಆಸ್ಪತ್ರೆಗೆ ಹೋಗಬೇಕು ಎಂಬುದನ್ನು ಮೊದಲೇ ಕೇಳಿ, ಸರ್ಕಾರಿ ಆಸ್ಪತ್ರೆಯ ಚೀಟಿ ಪಡೆದೇ ಮುಂದೆ ಹೋಗಿ. ಪಡಿತರ ಚೀಟಿ, ಆಧಾರ್ ಎರಡೂ ಜೊತೆಯಲ್ಲಿರಲಿ.

ಆ ರೈತ ಏನಾದ ಎಂದು ಕೇಳುತ್ತೀರಿ. ಗಡ್ಡೆ ತೆಗೆಸಿ ಗುಣವಾದ ಇಂಥವರಲ್ಲಿ ಬೆವರು ನಿಲ್ಲುತ್ತದೆ, ಗೊರಕೆ ಇಳಿಯುತ್ತದೆ, ಸಕ್ಕರೆಯೂ ಎಷ್ಟೋ ಹತೋಟಿಗೆ ಬರುತ್ತದೆ. ಕೈಯ ಊತ ಇಳಿದು ಉಂಗುರ ಸಡಿಲವಾಗುತ್ತದೆ. ಆದರೆ ಬೆಳೆದ ದವಡೆಯ ಮೂಳೆ ಹಿಂದಕ್ಕೆ ಹೋಗದು. ಸವೆದ ಮಂಡಿ ಮತ್ತೆ ಹೊಸದಾಗದು. ಕಳೆದ ವರ್ಷಗಳಿಗೆ ತೆತ್ತ ಬೆಲೆ ಅದು. ಚಿಕಿತ್ಸೆಯೇ ಇಲ್ಲದೆ ಹೋಗಿದ್ದರೆ ಹೃದಯಕ್ಕೆ ಪೆಟ್ಟು ಬಿದ್ದು ಆಯುಸ್ಸೇ ಕುಗ್ಗುತ್ತಿತ್ತು.

ಆದುದರಿಂದ ಬಂಧುಗಳೇ, ಇಂದು ಮನೆಗೆ ಹೋದವರು ಒಂದು ಕೆಲಸ ಮಾಡಿ. ಗೋಡೆಯ ಮೇಲಿನ ಹಳೆಯ ಪಟವನ್ನು ಇಳಿಸಿ, ಧೂಳು ಒರೆಸಿ, ಮನೆಯವರೆಲ್ಲ ಒಬ್ಬರ ಮುಖವನ್ನೊಬ್ಬರು ಅದರ ಜೊತೆಗಿಟ್ಟು ನೋಡಿ. ಬಹುಮಂದಿಗೆ ವಯಸ್ಸಾದುದು ಮಾತ್ರ ಕಂಡೀತು. ನಕ್ಕು ಪಟವನ್ನು ಮತ್ತೆ ತೂಗುಹಾಕಿ. ಬೇರೇನಾದರೂ ಕಂಡರೆ, ಆ ಪಟವನ್ನು ಕಂಕುಳಲ್ಲಿಟ್ಟುಕೊಂಡು ನಾಳೆಯೇ ಆಸ್ಪತ್ರೆಗೆ ಹೊರಡಿ. ದೂರದ ತಂಗಿ ಹಬ್ಬಕ್ಕೆ ಬರಲಿ ಎಂದು ಕಾಯಬೇಡಿ.